ಐದು ದಿನ ಕಾಯುವ ಪತ್ರ

1999ರ ಮಳೆಗಾಲ. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್‌ನಲ್ಲಿ ಮೂರು ಕಟ್ಟಡಗಳಿದ್ದ ಒಂದು ಕಂಪನಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಮೂರನೇ ಕಟ್ಟಡದಲ್ಲಿ ಕೆಂಗೇರಿಯಿಂದ ಎರಡು ಬಸ್ ಬದಲಿಸಿ ಬರುವ ಗುಮಾಸ್ತೆಯೊಬ್ಬರಿದ್ದರು. ಕಾರ್ಮಿಕರ ಓಟಿ ಪಟ್ಟಿಯನ್ನು ತಿಂಗಳಿಗೊಮ್ಮೆ ಮೊದಲ ಕಟ್ಟಡದ ಅಕೌಂಟ್ಸ್‌ಗೆ ಇ-ಮೇಲ್ ಮಾಡುವುದು ಅವರ ಕೆಲಸ. ಆ ತಿಂಗಳು ಪಟ್ಟಿ ತಲುಪಲಿಲ್ಲ, ನಲವತ್ತು ಜನರ ಓಟಿ ನಿಂತಿತು. ಕಳಿಸಿದ್ದೇನೆ ಎಂದು ಅವರು ಹೇಳಿದರೂ ಕೈಗೆ ಮೆಮೊ ಬಂತು.

“ಚಿಕ್ಕ ಮೇಲ್ ಹೋಗತ್ತೆ ಸಾರ್, ಪಟ್ಟಿ ಸೇರಿಸಿದ್ರೆ ಹೋಗಲ್ಲ” ಎಂದರು ನನ್ನ ಬಳಿ. ನಾನು ನಕ್ಕೆ. ಆ ನಗೆಗೆ ಈಗಲೂ ನಾಚಿಕೆಯಾಗುತ್ತದೆ.

ಅವರ ಮೇಲ್‌ಪೆಟ್ಟಿಗೆ ತೆರೆದಾಗ ಸೆಂಡ್‌ಮೇಲ್ ತಂತ್ರಾಂಶದ ಸೂಚನೆಯೊಂದು ಕಂಡಿತು. ಪತ್ರ ನಾಲ್ಕು ಗಂಟೆಯಾದರೂ ತಲುಪಿಲ್ಲ, ಇದು ಎಚ್ಚರಿಕೆ ಮಾತ್ರ, ಮತ್ತೆ ಕಳಿಸಬೇಕಿಲ್ಲ ಎಂದು ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಅವರು ಅದನ್ನು ನಂಬಿ ಮತ್ತೆ ಕಳಿಸಿರಲಿಲ್ಲ. ಐದನೇ ದಿನ ಪತ್ರ ವಾಪಸ್ ಬಂದಾಗ ಸಂಬಳದ ಲೆಕ್ಕ ಮುಗಿದುಹೋಗಿತ್ತು.

ಒಂದು ಕಾಂಪೌಂಡಿನೊಳಗಿನ ಪತ್ರಕ್ಕೆ ಐದು ದಿನದ ತಾಳ್ಮೆ ಏಕೆ? ಉತ್ತರ ಇತಿಹಾಸದಲ್ಲಿದೆ. ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ಎಸ್‌ಎಂಟಿಪಿ ನಿಯಮಗಳ ಕಾಲದಲ್ಲಿ ಎಲ್ಲ ಯಂತ್ರಗಳೂ ಸದಾ ಎಚ್ಚರವಾಗಿರುತ್ತಿರಲಿಲ್ಲ. ಎದುರಿನ ಯಂತ್ರ ಸಿಗದಿದ್ದರೆ ಪತ್ರವನ್ನು ಸರದಿಯಲ್ಲಿಟ್ಟು ಮತ್ತೆ ಮತ್ತೆ ಯತ್ನಿಸಬೇಕಿತ್ತು. ಕೈಬಿಡುವ ಮೊದಲು ನಾಲ್ಕೈದು ದಿನವಾದರೂ ಕಾಯಿರಿ ಎಂದು 1989ರ ನಿಯಮಾವಳಿಯೂ ಹೇಳಿತು. ನಮ್ಮಲ್ಲಿ 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಆರಂಭವಾದ ಅರ್ನೆಟ್‌ನ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಆ ಜಾಲದ ಮೊದಲ ಮೇಲ್‌ಗಳು ಓಡಾಡಿದ್ದು ಡಯಲ್‌ಅಪ್ ಫೋನ್ ಲೈನಿನ ಮೇಲೆ. ಲೈನ್ ಸಿಕ್ಕಾಗ ಪತ್ರ ಹೋಗುತ್ತಿತ್ತು. ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ಕ್ಕೆ. ದೂರದೂರಿಗೆಂದು ಕಲಿಸಿದ ಆ ತಾಳ್ಮೆ ನಮ್ಮ ಮೂರನೇ ಕಟ್ಟಡಕ್ಕೂ ಹಾಗೇ ಬಂದಿತ್ತು.

ನಾನು ಪಿಂಗ್ ಕಳಿಸಿ ನೋಡಿದೆ. 56 ಬೈಟ್‌ನ ತುಣುಕಿಗೆ ಉತ್ತರ ಬಂತು. 1400 ಬೈಟ್ ಮಾಡಿದರೆ ಹತ್ತರಲ್ಲಿ ಒಂದೋ ಎರಡೋ. ಗುಮಾಸ್ತೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಕಟ್ಟಡಗಳ ನಡುವೆ ಇದ್ದದ್ದು ತೆಳು ಕೋಆಕ್ಸಿಯಲ್ ಕೇಬಲ್. ಅದರ ಒಂದು ತುಂಡು 185 ಮೀಟರ್ ಮೀರಬಾರದು, ಮೀರಿದರೆ ಸಂಕೇತ ಸೊರಗುತ್ತದೆ. ಸೊರಗಿದ ಸಂಕೇತದಲ್ಲಿ ಉದ್ದನೆಯ ತುಣುಕು ಕೆಡುವ ಸಂಭವ ಹೆಚ್ಚು, ಚಿಕ್ಕದು ಹೇಗೋ ಪಾರಾಗುತ್ತದೆ. ಆದರೆ ಹಿಂದಿನ ತಿಂಗಳವರೆಗೆ ಎಲ್ಲ ಸರಿಯಿತ್ತಲ್ಲ? ವಾಚ್‌ಮನ್ ನೆನಪಿಸಿದರು: ಬಣ್ಣ ಬಳಿಯಲು ಬಂದವರು ಗೋಡೆಯ ವೈರ್ ಬಿಚ್ಚಿ, ತುಂಡೊಂದನ್ನು ಸೇರಿಸಿ, ಕಾಂಪೌಂಡ್ ಸುತ್ತಿಸಿ ಕಟ್ಟಿದ್ದರಂತೆ. ಟೇಪ್ ಹಿಡಿದು ಅಳೆದೆವು. 240 ಮೀಟರ್.

ವರ್ಷಗಳ ನಂತರ ಟ್ರೇ ಹ್ಯಾರಿಸ್ ಎಂಬ ಅಮೆರಿಕನ್ನರು 2002ರಲ್ಲಿ ಬರೆದ ಅನುಭವ ಓದಿದೆ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು, ತಮ್ಮ ಮೇಲ್ 500 ಮೈಲಿಗಿಂತ ಆಚೆ ಹೋಗುತ್ತಿಲ್ಲ ಎಂದು ದೂರಿದರಂತೆ. ರಾಜಾಜಿನಗರದಿಂದಾದರೆ ಹೈದರಾಬಾದಿಗೆ ತಲುಪುತ್ತದೆ, ದೆಹಲಿಗೆ ಇಲ್ಲ ಎಂದ ಹಾಗೆ! ಹ್ಯಾರಿಸ್‌ಗೂ ನಂಬಿಕೆಯಾಗಲಿಲ್ಲ. ಆದರೆ ಯಾರೋ ಯಂತ್ರವನ್ನು ನವೀಕರಿಸುವಾಗ ಹಳೆಯ ಸೆಂಡ್‌ಮೇಲ್ ಬಂದು ಕೂತಿತ್ತು, ಹೊಸ ರೀತಿಯಲ್ಲಿ ಬರೆದಿದ್ದ ಸೆಟ್ಟಿಂಗ್ ಅದಕ್ಕೆ ಅರ್ಥವಾಗದೆ ಕಾಯುವ ಅವಧಿ ಸೊನ್ನೆಯಾಗಿತ್ತು. ಆ ಯಂತ್ರದಲ್ಲಿ ಸೊನ್ನೆಯೆಂದರೆ ಸುಮಾರು 3 ಮಿಲಿಸೆಕೆಂಡ್. ಅಷ್ಟರಲ್ಲಿ ಬೆಳಕು ಓಡುವುದು ಸುಮಾರು 900 ಕಿಲೋಮೀಟರ್, ಅಂದರೆ 500 ಮೈಲಿಗಿಂತ ಸ್ವಲ್ಪ ಹೆಚ್ಚು. ಅಲ್ಲಿ ಪತ್ರಕ್ಕೆ ತಾಳ್ಮೆಯೇ ಇರಲಿಲ್ಲ, ನಮ್ಮಲ್ಲಿ ಬೇಕಾದ್ದಕ್ಕಿಂತ ಹೆಚ್ಚಿತ್ತು.

ನಡುವೆ ಒಂದು ರಿಪೀಟರ್ ಹಾಕಿದೆವು. ಓಟಿ ಹಣ ಮುಂದಿನ ತಿಂಗಳ ಸಂಬಳದ ಜೊತೆ ಬಂತು. ಮೆಮೊ ಹಿಂತೆಗೆಯಬೇಕೆಂದು ಕೋರಿ, ಅಳತೆಯ ವಿವರವನ್ನೆಲ್ಲ ಕಾಗದದ ಮೇಲೆ ಬರೆದು ನಾನೇ ಸಾಹೇಬರ ಕೈಗೆ ಕೊಟ್ಟು ಬಂದೆ. ಅವರು ಅದನ್ನು ಓದಿ, ಗುಮಾಸ್ತೆಯ ಫೈಲಿನಲ್ಲಿ ಮೆಮೊದ ಹಿಂದೆ ಸೇರಿಸಿಟ್ಟರು. ಮೆಮೊ ಅಲ್ಲೇ ಉಳಿಯಿತು.