ಧಾರವಾಡ ಕೃಷಿ ಮೇಳ: ಸಂಶೋಧನಾ ತಾಕಿನಿಂದ ಚಿಕ್ಕನರಗುಂದದ ಎರೆಹೊಲಕ್ಕೆ ಎಷ್ಟು ದೂರ?

ವರ್ಷವಿಡೀ ವಿಜ್ಞಾನಿಗಳು ಹಾಗೂ ವಿದ್ಯಾರ್ಥಿಗಳಿಗಷ್ಟೇ ಪರಿಚಿತವಾಗಿರುವ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆವರಣ, ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳಿನಲ್ಲಿ 4 ದಿನಗಳ ಮಟ್ಟಿಗೆ ಸಾರ್ವಜನಿಕರಿಗೆ ತೆರೆದುಕೊಳ್ಳುತ್ತದೆ. ಅದೇ ಕೃಷಿ ಮೇಳ. ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಟ್ರ್ಯಾಕ್ಸ್, ಟೆಂಪೊ, ಸರಕಾರಿ ಬಸ್ಸುಗಳಲ್ಲಿ ರೈತ ಕುಟುಂಬಗಳು ಬಂದಿಳಿಯುತ್ತವೆ. ನರಗುಂದ ತಾಲ್ಲೂಕಿನ ಚಿಕ್ಕನರಗುಂದದಂತಹ ಎರೆಭೂಮಿಯ ಊರುಗಳ ರೈತರಿಗೆ ಇದು ಜಾತ್ರೆಯೂ ಹೌದು, ಹಿಂಗಾರಿ ಬಿತ್ತನೆಗೆ ಮುನ್ನ ಬೀಜ ಆರಿಸಿಕೊಳ್ಳುವ ಸಂದರ್ಭವೂ ಹೌದು.

ನಗರವಾಸಿಗಳಿಗೆ ಈ ಮೇಳ ಪತ್ರಿಕೆಯ ಒಂದು ಛಾಯಾಚಿತ್ರವಾಗಿ ಮಾತ್ರ ಪರಿಚಿತ. ಆದರೆ ಅಡುಗೆಮನೆಯ ಕಡಲೆಬೇಳೆ, ಹೆಸರು, ಜೋಳ, ಗೋಧಿಗಳ ಮುಂದಿನ ಬೆಳೆ ಬಹುಮಟ್ಟಿಗೆ ಇಂತಹ ಆವರಣಗಳಲ್ಲಿಯೇ ನಿರ್ಧಾರವಾಗುತ್ತದೆ.

ಹಿನ್ನೆಲೆ

ಧಾರವಾಡದ ಕೃಷಿ ಮಹಾವಿದ್ಯಾಲಯ ಆರಂಭವಾದದ್ದು 1947ರಲ್ಲಿ. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ಅದರ ಆಡಳಿತಕ್ಕೆ ಒಳಪಟ್ಟಿದ್ದ ಈ ಸಂಸ್ಥೆ, 1986ರ ಅಕ್ಟೋಬರ್ 1ರಂದು ಸ್ವತಂತ್ರ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಾಯಿತು. ಮುಂದೆ ಕಲ್ಯಾಣ ಕರ್ನಾಟಕ ಭಾಗಕ್ಕಾಗಿ ರಾಯಚೂರಿನಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯ ತಲೆಯೆತ್ತಿತು. ಈ ಮೂರೂ ಕಡೆ ಕೃಷಿ ಮೇಳಗಳು ನಡೆಯುತ್ತವೆ.

ಸಂಶೋಧನೆಯ ಹೊಲವನ್ನು ಜನರಿಗೆ ತೋರಿಸುವ ಪದ್ಧತಿ ಹೊಸದೇನಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಆರಂಭವಾದ ಗೊಬ್ಬರದ ಪ್ರಯೋಗಗಳು ಇಂದಿಗೂ ಮುಂದುವರಿದಿದ್ದು, ಜಗತ್ತಿನ ನಾನಾ ಕಡೆಯ ಜನ ಅವುಗಳನ್ನು ನೋಡಲು ಹೋಗುತ್ತಾರೆ. ಭಾರತದಲ್ಲಿ ಹಸಿರು ಕ್ರಾಂತಿಯ ಕಾಲಕ್ಕೆ ಪಂಜಾಬಿನ ಲೂಧಿಯಾನ ಹಾಗೂ ಪಂತನಗರದ ಕಿಸಾನ್ ಮೇಳಗಳು ಹೊಸ ಗೋಧಿ ತಳಿಗಳನ್ನು ಹಳ್ಳಿಗಳಿಗೆ ತಲುಪಿಸಿದವು. ಧಾರವಾಡದ ಮೇಳ ಅದೇ ಪರಂಪರೆಗೆ ಸೇರಿದೆ.

ಮೇಳದಲ್ಲಿ ಏನಿರುತ್ತದೆ?

ಮೇಳದ ಜೀವಾಳ ಪ್ರಾತ್ಯಕ್ಷಿಕೆಯ ತಾಕುಗಳು. ಒಂದೇ ಬೆಳೆಯ ಹಲವು ತಳಿಗಳನ್ನು ಅಕ್ಕಪಕ್ಕದಲ್ಲಿ ಬೆಳೆಸಿ ಫಲಕ ನೆಟ್ಟಿರುತ್ತಾರೆ. ರೈತ ಗಿಡದ ಎತ್ತರ, ಕಾಯಿಯ ಸಂಖ್ಯೆ, ರೋಗದ ಲಕ್ಷಣಗಳನ್ನು ತಾನೇ ಹೋಲಿಸಿ ನೋಡಬಹುದು. ಇದರ ಜೊತೆಗೆ ಬೀಜ ಮೇಳ, ಫಲಪುಷ್ಪ ಪ್ರದರ್ಶನ, ಜಾನುವಾರು ಪ್ರದರ್ಶನ, ಯಂತ್ರೋಪಕರಣಗಳ ಮಳಿಗೆಗಳು, ವಿಜ್ಞಾನಿಗಳೊಂದಿಗೆ ಸಂವಾದ ಹಾಗೂ ಜಿಲ್ಲಾವಾರು ಶ್ರೇಷ್ಠ ಕೃಷಿಕ ಮತ್ತು ಶ್ರೇಷ್ಠ ಕೃಷಿ ಮಹಿಳೆ ಪ್ರಶಸ್ತಿ ಪ್ರದಾನ ಇರುತ್ತವೆ. ಕೀಟಗಳ ಪ್ರದರ್ಶನಕ್ಕೆ ಶಾಲಾ ಮಕ್ಕಳ ಸಾಲು ಉದ್ದವಾಗಿಯೇ ಇರುತ್ತದೆ.

ಬೀಜ ಮೇಳದ ಎದುರು ಜನಸಂದಣಿ ಹೆಚ್ಚು. ಕಾರಣ ಸರಳವಾದುದು. ಮುಂಗಾರಿ ಹೆಸರು ಕಿತ್ತ ಎರೆಹೊಲ ಆಗತಾನೆ ಖಾಲಿಯಾಗಿರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ಕಡಲೆ, ಹಿಂಗಾರಿ ಜೋಳ, ಗೋಧಿ, ಕುಸುಬೆ ಬಿತ್ತಬೇಕು. ನೆಲದಲ್ಲಿ ಹಸಿ ಇರುವಷ್ಟರೊಳಗೆ ಕೂರಿಗೆ ಹೂಡದಿದ್ದರೆ ಇಡೀ ಹಂಗಾಮು ಕೈತಪ್ಪುತ್ತದೆ.

ಅಣ್ಣಿಗೇರಿ ಕಡಲೆಯ ದಾರಿ

ಸಂಶೋಧನಾ ಕೇಂದ್ರವೊಂದು ಏನು ಮಾಡಬಲ್ಲದು ಎಂಬುದಕ್ಕೆ ಹತ್ತಿರದ ಉದಾಹರಣೆ ಅಣ್ಣಿಗೇರಿ. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದ ಹೆಸರು ಹೊತ್ತ ಅಣ್ಣಿಗೇರಿ-1 ಕಡಲೆ 1970ರ ದಶಕದಿಂದ ಉತ್ತರ ಕರ್ನಾಟಕದ ಎರೆಹೊಲಗಳನ್ನು ಆಳಿತು. ಆದರೆ ಮಣ್ಣಿನಲ್ಲಿ ಅಡಗಿರುವ ಶಿಲೀಂಧ್ರದಿಂದ ಬರುವ ಸೊರಗು ರೋಗ, ರೈತರ ಮಾತಿನಲ್ಲಿ ಸಿಡಿ ರೋಗ, ಅದನ್ನು ಬಾಧಿಸಿತು. 1999ರಲ್ಲಿ ಬಿಡುಗಡೆಯಾದ ಜೆಜಿ-11 ತಳಿ ಬಂದ ಮೇಲೆ ಬಹಳಷ್ಟು ರೈತರು ಅದರತ್ತ ಹೊರಳಿದರು.

ಹಳೆಯ ತಳಿಯ ಗುಣಗಳನ್ನು ಉಳಿಸಿಕೊಂಡು ರೋಗನಿರೋಧಕ ಗುಣವನ್ನಷ್ಟೇ ಸೇರಿಸುವ ಪ್ರಯತ್ನ ಆ ಬಳಿಕ ನಡೆಯಿತು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಸಮೀಪದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳ ಶ್ರಮದಿಂದ ಸೂಪರ್ ಅಣ್ಣಿಗೇರಿ-1 ರೂಪುಗೊಂಡಿತು. ಇದು ಕುಲಾಂತರಿ ತಳಿಯಲ್ಲ. ರೋಗನಿರೋಧಕ ಕಡಲೆಯೊಂದಿಗೆ ಸಂಕರಗೊಳಿಸಿ, ಡಿಎನ್‌ಎ ಗುರುತುಗಳ ನೆರವಿನಿಂದ ಬೇಕಾದ ಸಸಿಗಳನ್ನಷ್ಟೇ ಆರಿಸಿ, ಮತ್ತೆ ಮತ್ತೆ ಮೂಲ ತಳಿಯೊಂದಿಗೆ ಸೇರಿಸಿದ ಫಲ.

ಕೂಲಿಯಾಳುಗಳ ಕೊರತೆ ಇನ್ನೊಂದು ಒತ್ತಡ. ಸಾಂಪ್ರದಾಯಿಕ ಕಡಲೆ ಗಿಡ ನೆಲಕ್ಕೆ ಹರಡಿ ಬೆಳೆಯುವುದರಿಂದ ಯಂತ್ರಕ್ಕೆ ಸಿಗದು. ಕಲಬುರಗಿಯ ಜಿಬಿಎಂ-2, ಆಂಧ್ರದ ನಂದ್ಯಾಲದ ಎನ್‌ಬಿಇಜಿ-47 ತಳಿಗಳು ಎತ್ತರಕ್ಕೆ ನೆಟ್ಟಗೆ ಬೆಳೆದು ಈ ಸಮಸ್ಯೆಗೆ ಪರಿಹಾರ ನೀಡಿದವು. ಕಡಲೆ ಕಿತ್ತು ಕೈ ಒಡೆದುಕೊಳ್ಳುವ ಹೆಣ್ಣುಮಕ್ಕಳಿಗೆ ಇದು ಬಿಡುಗಡೆ. ಅದೇ ಕೂಲಿಯನ್ನು ನೆಚ್ಚಿಕೊಂಡ ಮನೆಗಳಿಗೆ ನಷ್ಟ. ಮೇಳದ ಫಲಕಗಳಲ್ಲಿ ಈ ಎರಡನೆಯ ಲೆಕ್ಕ ಕಾಣಿಸುವುದಿಲ್ಲ.

ಹತ್ತಿಯ ಪಾಠ

ಧಾರವಾಡದ ಸಂಶೋಧನೆಯ ಅತಿ ದೊಡ್ಡ ಯಶಸ್ಸು ಹತ್ತಿಯಲ್ಲಿ. ವಿಜ್ಞಾನಿ ಬಿ.ಎಚ್. ಕಟರಕಿ ಅವರು 1972ರಲ್ಲಿ ವರಲಕ್ಷ್ಮಿ ಹಾಗೂ 1981ರಲ್ಲಿ ಜಯಲಕ್ಷ್ಮಿ ಎಂದು ಹೆಸರಾದ ಡಿಸಿಎಚ್-32 ಸಂಕರಣ ತಳಿಗಳನ್ನು ನೀಡಿದರು. ಹತ್ತಿಯ ಎರಡು ಬೇರೆ ಪ್ರಭೇದಗಳನ್ನು ಕೂಡಿಸಿ ಪಡೆದ ಈ ತಳಿಗಳ ನೂಲೆಳೆ ಉದ್ದ ಹಾಗೂ ನಯ. ಇವುಗಳ ಬೀಜೋತ್ಪಾದನೆ ಕೈಕೆಲಸ. ಸಂಜೆ ಮೊಗ್ಗಿನ ಪರಾಗಕೋಶ ತೆಗೆದು, ಮರುದಿನ ಮುಂಜಾನೆ ಇನ್ನೊಂದು ತಳಿಯ ಪರಾಗ ಮುಟ್ಟಿಸಬೇಕು. ಈ ಕೆಲಸ ಸಾವಿರಾರು ಮಹಿಳೆಯರಿಗೆ ಉದ್ಯೋಗ ನೀಡಿತು.

ಮಲಪ್ರಭಾ ಅಣೆಕಟ್ಟಿನ ನೀರು ನರಗುಂದ, ನವಲಗುಂದ, ಸವದತ್ತಿ ಭಾಗಕ್ಕೆ ಹರಿದಾಗ ರೈತರು ಭರವಸೆಯಿಂದ ಬಿತ್ತಿದ್ದು ಇದೇ ವರಲಕ್ಷ್ಮಿಯನ್ನು. ಆರಂಭದಲ್ಲಿ ಕೈತುಂಬ ಹಣ ಬಂತು. 1970ರ ದಶಕದ ಕೊನೆಗೆ ದರ ಕುಸಿಯಿತು. ಅತ್ತ ನೀರು ಎಲ್ಲ ಹೊಲಗಳಿಗೂ ತಲುಪಿರಲಿಲ್ಲ. ತಲುಪಿದಲ್ಲಿ ಹಲವೆಡೆ ಭೂಮಿ ಸವಳು-ಜವಳಾಯಿತು. ಇಂತಹ ಹೊತ್ತಿನಲ್ಲಿ ನೀರಿನ ಕರದ ಜೊತೆಗೆ ಅಭಿವೃದ್ಧಿ ಕರದ ಬಾಕಿ ವಸೂಲಿಗೆ ಸರಕಾರ ಮುಂದಾಯಿತು.

1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ರೈತರ ಪ್ರತಿಭಟನೆ ಗೋಲಿಬಾರ್‌ನಲ್ಲಿ ಕೊನೆಗೊಂಡು ಜೀವಹಾನಿಯಾಯಿತು. ಹುತಾತ್ಮರಾದವರಲ್ಲಿ ಚಿಕ್ಕನರಗುಂದದ ರೈತ ಈರಪ್ಪ ಕಡ್ಲಿಕೊಪ್ಪ ಒಬ್ಬರು. ಆ ಕಿಡಿಯೇ ರಾಜ್ಯ ರೈತ ಚಳವಳಿಯಾಗಿ ಹಬ್ಬಿತು. ಪ್ರತಿ ವರ್ಷ ಜುಲೈ 21ರಂದು ನರಗುಂದದಲ್ಲಿ ರೈತ ಹುತಾತ್ಮ ದಿನ ಆಚರಿಸಲಾಗುತ್ತದೆ. 2015ರಲ್ಲಿ ಕಳಸಾ-ಬಂಡೂರಿ ನೀರಿಗಾಗಿ ಮತ್ತೆ ಹೋರಾಟದ ಚಪ್ಪರ ಎದ್ದದ್ದು ಇದೇ ಊರಿನಲ್ಲಿ.

ತಳಿ ಸೋಲಲಿಲ್ಲ, ತಳಿಯ ಸುತ್ತಲಿನ ವ್ಯವಸ್ಥೆ ಸೋತಿತು. ಇಳುವರಿ ಹೆಚ್ಚಿಸುವ ಬೀಜಕ್ಕೆ ತಕ್ಕ ಮಾರುಕಟ್ಟೆ, ಬಸಿಗಾಲುವೆ, ಸಕಾಲದ ನೀರು ಇಲ್ಲದಿದ್ದರೆ ವಿಜ್ಞಾನದ ಲಾಭ ರೈತನ ಮನೆ ಸೇರದು. ನವಲಗುಂದ ತಾಲ್ಲೂಕಿನ ಬೆಳವಟಗಿಯಲ್ಲಿರುವ ನೀರು ನಿರ್ವಹಣಾ ಸಂಶೋಧನಾ ಕೇಂದ್ರದ ಕೆಲಸಕ್ಕೆ ಮಹತ್ವ ಬರುವುದು ಈ ಕಾರಣದಿಂದ. ಎರೆಭೂಮಿಗೆ ಎಷ್ಟು ನೀರು ಕೊಡಬೇಕು ಎಂಬುದಕ್ಕಿಂತ ಎಷ್ಟಕ್ಕೆ ನಿಲ್ಲಿಸಬೇಕು ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ.

ಬೀಜದ ಚೀಟಿ ಓದುವುದು ಹೇಗೆ?

ಮೇಳದಲ್ಲಾಗಲಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಬೀಜ ಕೊಳ್ಳುವಾಗ ಚೀಲಕ್ಕೆ ಹೊಲಿದ ಚೀಟಿಯ ಬಣ್ಣ ಗಮನಿಸಬೇಕು.

ಹಳದಿ ಚೀಟಿ: ತಳಿವರ್ಧಕ ಬೀಜ. ತಳಿ ರೂಪಿಸಿದ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಬೆಳೆದದ್ದು.
ಬಿಳಿ ಚೀಟಿ: ಮೂಲ ಬೀಜ. ತಳಿವರ್ಧಕ ಬೀಜದಿಂದ ಪಡೆದದ್ದು.
ನೀಲಿ ಚೀಟಿ: ಪ್ರಮಾಣಿತ ಬೀಜ. ಸಾಮಾನ್ಯ ಬಿತ್ತನೆಗೆ ಉದ್ದೇಶಿಸಿದ್ದು.
ಹಸಿರು ಚೀಟಿ: ನಿಜಚೀಟಿ ಬೀಜ. ಗುಣಮಟ್ಟಕ್ಕೆ ಉತ್ಪಾದಕರೇ ಹೊಣೆ.

ಕಡಲೆ, ಹೆಸರು, ಗೋಧಿಯಂತಹ ಬೆಳೆಗಳಲ್ಲಿ ಬೆರಕೆಯಾಗದಂತೆ ಎಚ್ಚರ ವಹಿಸಿದರೆ ಸ್ವಂತ ಬೀಜವನ್ನು ಕೆಲವು ವರ್ಷ ಬಳಸಬಹುದು. ಸಂಕರಣ ಹತ್ತಿ, ಗೋವಿನಜೋಳಗಳ ಬೀಜವನ್ನು ಮಾತ್ರ ಪ್ರತಿ ವರ್ಷ ಕೊಳ್ಳಲೇಬೇಕು. 100 ಕಾಳುಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಎಷ್ಟು ಮೊಳಕೆ ಒಡೆದವು ಎಂದು ಎಣಿಸುವ ಹಳೆಯ ಪರೀಕ್ಷೆ ಇಂದಿಗೂ ನಂಬಿಕೆಗೆ ಅರ್ಹ.

ಮಣ್ಣು ಪರೀಕ್ಷೆಗೆ ಒಯ್ಯುವವರು ಹೊಲದ ಹಲವು ಕಡೆ ಇಂಗ್ಲಿಷ್‌ನ ವಿ ಆಕಾರದಲ್ಲಿ ಸುಮಾರು 6 ಇಂಚು ಆಳ ತೋಡಿ, ಅಂಚಿನ ಮಣ್ಣು ಕೂಡಿಸಿ, ನೆರಳಿನಲ್ಲಿ ಆರಿಸಿ ಅರ್ಧ ಕಿಲೊ ತರಬೇಕು. ಬದು, ತಿಪ್ಪೆ, ಮರದ ಬುಡದ ಮಣ್ಣು ಬೇಡ. ಗದಗ ಜಿಲ್ಲೆಯ ರೈತರಿಗೆ ಮೇಳದ ಹೊರತಾಗಿಯೂ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ದೊರೆಯುತ್ತದೆ.

ನಗರದವರಿಗೇನು?

ಸದಕ ಅಥವಾ ಕಪ್ಲಿ ಗೋಧಿ ಇಂದು ನಗರದ ಅಂಗಡಿಗಳಲ್ಲಿ ದುಬಾರಿ ದರಕ್ಕೆ ಮಾರಾಟವಾಗುತ್ತದೆ. ಉತ್ತರ ಕರ್ನಾಟಕದ ಹುಗ್ಗಿ, ಮಾದಲಿಗಳಿಗೆ ಒದಗುವ ಈ ಗೋಧಿಯ ಗಿಡ್ಡ ತಳಿ ಡಿಡಿಕೆ-1025 ರೂಪುಗೊಂಡದ್ದು ಧಾರವಾಡದಲ್ಲಿ. ಎತ್ತರದ ಹಳೆಯ ತಳಿಗಳು ಗಾಳಿಗೆ ನೆಲಕಚ್ಚುತ್ತಿದ್ದವು. ಗಿಡ್ಡ ತಳಿ ನಿಲ್ಲುತ್ತದೆ. ಮೇಳಕ್ಕೆ ಹೋಗುವ ನಗರವಾಸಿಗಳು ಸಸಿ, ಹೂಕುಂಡಗಳ ಮಳಿಗೆಗಳ ಜೊತೆಗೆ ಇಂತಹ ತಾಕುಗಳತ್ತಲೂ ಹೆಜ್ಜೆ ಹಾಕಿದರೆ ತಮ್ಮ ತಟ್ಟೆಯ ಅನ್ನದ ಹಿಂದಿನ ಶ್ರಮ ಅರಿವಿಗೆ ಬಂದೀತು.

ಕೇಳಬೇಕಾದ ಪ್ರಶ್ನೆ

ಸಂಶೋಧನಾ ತಾಕಿಗೆ ಸಕಾಲಕ್ಕೆ ನೀರು, ಗೊಬ್ಬರ, ಔಷಧ, ಆಳು ಎಲ್ಲವೂ ಸಿಗುತ್ತವೆ. ಚಿಕ್ಕನರಗುಂದದ ಹೊಲಕ್ಕೆ ಇವುಗಳಲ್ಲಿ ಒಂದಲ್ಲ ಒಂದು ತಪ್ಪುತ್ತದೆ. ಆದ್ದರಿಂದ ಫಲಕದ ಮೇಲಿನ ಇಳುವರಿಯ ಅಂಕಿ ಒಂದು ಸಾಧ್ಯತೆಯೇ ಹೊರತು ಭರವಸೆಯಲ್ಲ. ‘ಎಷ್ಟು ಇಳುವರಿ ಬರುತ್ತದೆ’ ಎಂಬುದರ ಜೊತೆಗೆ ‘ಮಳೆ ಕೈಕೊಟ್ಟರೆ ಎಷ್ಟು ಉಳಿಯುತ್ತದೆ, ಈ ಬೀಜ ನಮ್ಮ ಹೋಬಳಿಯಲ್ಲಿ ಬಿತ್ತನೆಗೆ ಮುನ್ನ ಸಿಗುತ್ತದೆಯೇ, ಮಾಲನ್ನು ಕೊಳ್ಳುವವರು ಯಾರು’ ಎಂದು ವಿಜ್ಞಾನಿಗಳನ್ನೂ ಅಧಿಕಾರಿಗಳನ್ನೂ ಎದುರಿಗೆ ನಿಲ್ಲಿಸಿ ಕೇಳಲು ರೈತನಿಗೆ ವರ್ಷದಲ್ಲಿ ಸಿಗುವ ಅವಕಾಶ ಈ 4 ದಿನಗಳು. ಮೇಳದ ಯಶಸ್ಸನ್ನು ಬಂದುಹೋದ ಜನರ ಲಕ್ಷದ ಲೆಕ್ಕದಿಂದ ಅಳೆಯುವುದಕ್ಕಿಂತ, ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳಿಂದ ಅಳೆಯುವುದು ಸೂಕ್ತ.