ದನಿ ಬೇಕು, ಹೆಣ್ಣು ಬೇಡ

ಬಾರ್ಕೂರಿನ ಚರಿತ್ರೆ ಅಂದ ಕೂಡಲೇ ನಮ್ಮ ಪಂಡಿತರು ಆಳುಪರ ರಾಜಧಾನಿ, ಕತ್ತಲೆ ಬಸದಿ, ಪಂಚಲಿಂಗೇಶ್ವರ ಅಂತ ಶುರು ಹಚ್ಚುತ್ತಾರೆ. ದಾನ ಕೊಟ್ಟ ಅರಸನ ಹೆಸರು ಕಲ್ಲಿನ ಮೇಲೆ ಉಳಿದಿದೆ. ಮಳೆಗೆ ಬೆನ್ನೊಡ್ಡಿ ನಟ್ಟಿ ಗದ್ದೆಯಲ್ಲಿ ಪಾಡ್ದನ ಹೇಳಿದವಳ ಹೆಸರು ಯಾವ ಕಲ್ಲಿನ ಮೇಲಿದೆ? ಬಡಗಕ್ಕೆ ಹೋದರೆ ಬಸ್ರೂರು. ಹಾಡಿ ಕುಣಿದು ಹೊಟ್ಟೆ ಹೊರೆದ ಅಲ್ಲಿಯ ಹೆಂಗಸರ ಬದುಕನ್ನು ಕಾರಂತರು 1970ರಲ್ಲಿ ‘ಮೈಮನಗಳ ಸುಳಿಯಲ್ಲಿ’ ಕಾದಂಬರಿ ಮಾಡಿದರು. ಮಂಜುಳೆಯ ಕತೆಯೇನೋ ನಮಗೆ ಸಿಕ್ಕಿತು, ದನಿ ಸಿಗಲಿಲ್ಲ. ಕಾದಂಬರಿ ಹಾಡೋದಿಲ್ಲವಲ್ಲ.

ಅಂಥವರ ದನಿ ಉಳಿಯಲು ಒಂದು ಯಂತ್ರ ಬರಬೇಕಾಯಿತು. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಗೆ ಬಂದಾಗ ಮರ್ಯಾದಸ್ಥ ಮನೆಯ ಹೆಂಗಸರು ಅದರ ಮುಂದೆ ಬಾಯಿ ತೆರೆಯಲಿಲ್ಲ. ತವಾಯಫ್ ಗೌಹರ್ ಜಾನ್ ಹಾಡಿದರು. ಮೂರು ನಿಮಿಷದಲ್ಲಿ ರಾಗ ಮುಗಿಸಿ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಯಾರ ದನಿ ಅಂತ ಅಲ್ಲಿನವರಿಗೆ ಗೊತ್ತಾಗಬೇಕಲ್ಲ. ನನಗದು ಚರಿತ್ರೆಯ ಮೇಲೆ ಹಾಕಿದ ರುಜುವಿನ ಹಾಗೆ ಕೇಳಿಸುತ್ತದೆ. ಅವರು 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲೇ.

ಆ ಬಾಗಿಲಿನಿಂದಲೇ ಒಳಗೆ ಬಂದ ಕನ್ನಡದ ಹುಡುಗಿ ಅಮೀರಬಾಯಿ. ಊರು ವಿಜಾಪುರ ಸೀಮೆಯ ಬೀಳಗಿ. ನಾಟಕದ ನಂಟಿನ ಮುಸ್ಲಿಂ ಮನೆ. ಹದಿಹರೆಯದಲ್ಲೇ ಮುಂಬೈ ಸೇರಿದರು. ಎಚ್‌ಎಂವಿಯವರು ಒಂದು ಕವ್ವಾಲಿ ಹಾಡಿಸಿದರು. ಅಕ್ಕ ಗೋಹರಬಾಯಿಯ ನೆರವಿನಿಂದ 1934ರಲ್ಲಿ ‘ವಿಷ್ಣುಭಕ್ತಿ’ ಸಿನಿಮಾದಲ್ಲಿ ಪಾತ್ರ ಸಿಕ್ಕಿತು. ದೇವದಾಸಿಯರ ಬಗ್ಗೆ ಮುಂಬೈ ಸರ್ಕಾರ ಕಾನೂನು ಮಾಡಿದ್ದೂ ಅದೇ 1934ರಲ್ಲಿ. ಒಂದು ಕಡೆ ಹಳೆಯ ಅನ್ನದ ಬಾಗಿಲು ಮುಚ್ಚುತ್ತಿತ್ತು, ಇನ್ನೊಂದು ಕಡೆ ಮೈಕಿನ ಮುಂದೆ ಹೊಸ ಅನ್ನ ಹುಟ್ಟುತ್ತಿತ್ತು. ಆದರೆ ಆ ಅನ್ನ ಸುಲಭಕ್ಕೆ ದಕ್ಕಲಿಲ್ಲ. ಸುಮಾರು ಒಂಬತ್ತು ವರ್ಷ ಸಣ್ಣಪುಟ್ಟ ಪಾತ್ರ, ಸಣ್ಣಪುಟ್ಟ ಹಾಡು. 1940ರ ‘ನರಸಿ ಭಗತ್’ನಲ್ಲಿ ಗಾಂಧೀಜಿಗೆ ಪ್ರಿಯವಾದ ಭಜನೆಯನ್ನು ಹಾಡಿದವರಲ್ಲಿ ಬೀಳಗಿಯ ಈ ಮುಸ್ಲಿಂ ಹೆಂಗಸೂ ಒಬ್ಬರು. ಕೊನೆಗೆ 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’. ಅನಿಲ್ ಬಿಸ್ವಾಸರ ಸಂಗೀತ. ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಟಾಂಗಾದವನ ಬಾಯಲ್ಲೂ ಅಮೀರಬಾಯಿಯ ಹಾಡು. ಪಾಪ್ ಅಂತ ಈಗ ಹೇಳೋದು ಇದನ್ನೇ ತಾನೆ?

ಅಕ್ಕನ ಕತೆ ಕೇಳಿ. ಮರಾಠಿ ರಂಗದಲ್ಲಿ ಬಾಲಗಂಧರ್ವರು ಹೆಣ್ಣು ವೇಷ ಹಾಕಿದರೆ ಕುಲೀನ ಹೆಂಗಸರು ಅವರ ಸೀರೆಯ ನೆರಿಗೆ ನೋಡಿ ತಾವೂ ಹಾಗೇ ಉಡುತ್ತಿದ್ದರು. ಗಂಡಸು ಹೆಣ್ಣಾದರೆ ಪೂಜೆ. 1938ರಲ್ಲಿ ಆ ಕಂಪನಿಗೆ ನಿಜವಾದ ಹೆಣ್ಣು, ಅದೂ ಮುಸ್ಲಿಂ ಹೆಣ್ಣು ಗೋಹರಬಾಯಿ ಬಂದಾಗ ಅದೇ ಜನ ಉರಿದುಬಿದ್ದರು. ಗಂಧರ್ವರ ಕಷ್ಟಕ್ಕೆಲ್ಲ ಇವಳೇ ಕಾರಣ ಅಂತ ಹೊರಿಸಿದರು. ಕಂಪನಿಯ ಸಾಲ ಮೊದಲಿಂದಲೂ ಇತ್ತಲ್ಲ ಸ್ವಾಮೀ! ಲೆಕ್ಕದ ಪುಸ್ತಕ ನೋಡೋರು ಯಾರು? ಜಾತಿ ನೋಡಿದರೆ ಸಾಕಿತ್ತು.

ಗಂಡಸು ಹಾಡಿದರೆ ಪಂಡಿತ, ಉಸ್ತಾದ. ಹೆಣ್ಣು ಹಾಡಿದರೆ ಮೊದಲು ಅವಳ ಮನೆ ಯಾವುದು, ಗಂಡ ಯಾರು ಅಂತ ಕೇಳ್ತಾರೆ. 1946ರಲ್ಲಿ ವಲ್ಲಭಭಾಯಿ ಪಟೇಲರು ಪ್ರಸಾರ ಖಾತೆ ನೋಡಿಕೊಳ್ಳುತ್ತಿದ್ದಾಗ ಈ ಪ್ರಶ್ನೆಯೇ ಸರ್ಕಾರದ ನಿಯಮವಾಯಿತು: ಖಾಸಗಿ ಬದುಕು ಲೋಕನಿಂದೆಗೆ ಗುರಿಯಾದವರಿಗೆ ರೇಡಿಯೋದಲ್ಲಿ ಜಾಗವಿಲ್ಲ. ಆ ನಿಂದೆ ಮಾಡುತ್ತಿದ್ದ ಲೋಕ ಯಾರದು? ರೇಡಿಯೋ ಕೊಳ್ಳುವಷ್ಟು ದುಡ್ಡಿದ್ದವರದು.

ಇನ್ನು ಹೆಸರಿನ ಮಾತು. ಅಕ್ಕತಂಗಿ ಇಬ್ಬರೂ ಅಪ್ಪನ ಹೆಸರಲ್ಲ, ಗಂಡನ ಹೆಸರಲ್ಲ, ‘ಕರ್ನಾಟಕಿ’ ಅಂತ ನಾಡಿನ ಹೆಸರು ಇಟ್ಟುಕೊಂಡರು. ಆಗ ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ. ಬೀಳಗಿ ಮುಂಬೈ ಪ್ರಾಂತ್ಯದಲ್ಲಿ, ನಮ್ಮ ಬಾರ್ಕೂರು ಮದ್ರಾಸಿನಲ್ಲಿ. ಏಕೀಕರಣದ ಭಾಷಣ ಮಾಡಿದವರಿಗೆ ಬೀದಿ ಬೀದಿಯಲ್ಲಿ ಪ್ರತಿಮೆ ಎದ್ದಿವೆ. ಲಾಹೋರಿನಿಂದ ಕಲ್ಕತ್ತೆಯ ತನಕ ತಟ್ಟೆಗಳ ಮೇಲೆ ಆ ಹೆಸರನ್ನು ಹೊತ್ತು ತಿರುಗಿದ್ದು ಈ ಹೆಂಗಸು.

1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ಕೊಟ್ಟರು. ದುಡಿದ ಹಣದಲ್ಲಿ ವಿಜಾಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದರು. 1965ರಲ್ಲಿ ಅವರು ತೀರಿಕೊಂಡಾಗ ಈ ರಾಜ್ಯದ ಹೆಸರು ಇನ್ನೂ ಮೈಸೂರು ಅಂತಲೇ ಇತ್ತು.