ಬಾತುಕೋಳಿಯ ಗಂಟಲು, ನ್ಯಾಯಾಲಯದ ಮೆಟ್ಟಿಲು

ನಮ್ಮಜ್ಜಿ ಬಡಿಸುವಾಗ 'ಸಾಕು' ಅನ್ನೋ ಮಾತು ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಎಲೆಗೆ ಅಡ್ಡ ಹಿಡಿದ ಕೈ ಮೇಲೇ ಅನ್ನ ಬೀಳುತ್ತಿತ್ತು! ಆದರೂ ಎದ್ದು ಓಡುವ ಸ್ವಾತಂತ್ರ್ಯ ನಮಗಿತ್ತು. ಫ್ವಾ ಗ್ರಾ ಚರಿತ್ರೆ ಓದುವಾಗ ಇದು ನೆನಪಾಯಿತು.

ಫ್ವಾ ಗ್ರಾ ಅಂದರೆ ಫ್ರೆಂಚಿನಲ್ಲಿ 'ಕೊಬ್ಬಿದ ಪಿತ್ತಜನಕಾಂಗ'. ಬಾತುಕೋಳಿ ಅಥವಾ ಹೆಬ್ಬಾತಿನ ಗಂಟಲಿಗೆ ಕೊಳವೆ ಇಳಿಸಿ ದಿನಕ್ಕೆ ಹಲವು ಸಲ ಮೆಕ್ಕೆಜೋಳ ತುಂಬುತ್ತಾರೆ. ಸುಮಾರು ಎರಡು ವಾರದಲ್ಲಿ ಆ ಅಂಗ ಆರರಿಂದ ಹತ್ತು ಪಟ್ಟು ಊದುತ್ತದೆ.

ಇದು ಫ್ರೆಂಚರ ಆವಿಷ್ಕಾರ ಅಂದುಕೊಂಡಿದ್ದೆ. ಅಲ್ಲವಂತೆ! ಈಜಿಪ್ಟಿನ ಸಕ್ಕಾರಾದಲ್ಲಿ 4000 ವರ್ಷಕ್ಕೂ ಹಳೆಯ ಸಮಾಧಿಗಳ ಗೋಡೆ ಮೇಲೆ ಹಕ್ಕಿಗಳಿಗೆ ಬಲವಂತವಾಗಿ ತಿನ್ನಿಸುವ ಕೆತ್ತನೆಗಳಿವೆ. ರೋಮನ್ನರು ಅಂಜೂರ ತಿನ್ನಿಸುತ್ತಿದ್ದರು. ಫ್ರೆಂಚಿನ 'ಫ್ವಾ' ಅನ್ನೋ ಪದ ಹುಟ್ಟಿದ್ದೇ ಲ್ಯಾಟಿನ್ನಿನ ಅಂಜೂರದಿಂದ. ಆಮೇಲೆ ಈ ವಿದ್ಯೆ ಯುರೋಪಿನ ಯಹೂದಿಗಳ ಮನೆಗಳಲ್ಲಿ ಉಳಿಯಿತು. ಅವರಿಗೆ ಹಂದಿಯ ಕೊಬ್ಬು ನಿಷಿದ್ಧ, ಮಾಂಸದ ಜೊತೆ ಬೆಣ್ಣೆಯೂ ಕೂಡದು. ಅಡುಗೆಗೆ ಹೆಬ್ಬಾತಿನ ಕೊಬ್ಬೇ ಗತಿ. ಗಂಟಲಿಗೆ ಗಾಯವಾದ ಹಕ್ಕಿ ತಿನ್ನಲು ಯೋಗ್ಯವೇ ಎಂದು ರಬ್ಬಿಗಳು ಆಗಲೇ ವಾದಿಸಿದ್ದರು.

ಇಸ್ರೇಲಿನ ಕಥೆ ಅದಕ್ಕೇ ನನಗೆ ಮುಖ್ಯ ಅನ್ನಿಸೋದು. ಫ್ವಾ ಗ್ರಾ ತಯಾರಿಸುವ ದೊಡ್ಡ ದೇಶಗಳಲ್ಲಿ ಅದೂ ಒಂದಾಗಿತ್ತು. ಈ ಉದ್ಯಮಕ್ಕೆಂದೇ ಸರ್ಕಾರ 2001ರಲ್ಲಿ ನಿಯಮಾವಳಿ ಮಾಡಿತು. ಪ್ರಾಣಿದಯಾ ಸಂಘಟನೆಯೊಂದು ಸುಪ್ರೀಂ ಕೋರ್ಟಿಗೆ ಹೋಯಿತು. 2003ರ ಆಗಸ್ಟಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಆ ನಿಯಮಾವಳಿಯನ್ನು ಅಸಿಂಧು ಮಾಡಿತು. ಸಾಕಿದವರ ಹೊಟ್ಟೆಪಾಡಿನ ಪ್ರಶ್ನೆಯೂ ಅಲ್ಲಿತ್ತು. ಅದಕ್ಕೇ 2005ರವರೆಗೆ ಕಾಲಾವಕಾಶ ಕೊಟ್ಟರು.

ಫ್ರಾನ್ಸ್ ಹಿಡಿದದ್ದು ತದ್ವಿರುದ್ಧ ದಾರಿ. ವಲಸೆ ಹಕ್ಕಿಗಳು ಸಹಜವಾಗಿಯೇ ಪಿತ್ತಜನಕಾಂಗದಲ್ಲಿ ಕೊಬ್ಬು ಕೂಡಿಡುತ್ತವೆ, ಅವುಗಳ ಗಂಟಲು ಹಿಗ್ಗುತ್ತದೆ ಅನ್ನೋದು ಅಲ್ಲಿನವರ ವಾದ. ಆದರೆ ಇದು ಹಕ್ಕಿಗಳಿಗೆ ಹಾನಿಕರ ಎಂದು ಐರೋಪ್ಯ ಒಕ್ಕೂಟದ ವಿಜ್ಞಾನಿಗಳ ಸಮಿತಿ 1998ರಲ್ಲೇ ಹೇಳಿತ್ತು. ಆದರೂ 2006ರಲ್ಲಿ ಫ್ರೆಂಚ್ ಕಾನೂನು ಫ್ವಾ ಗ್ರಾವನ್ನು ದೇಶದ ಸಾಂಸ್ಕೃತಿಕ ಪರಂಪರೆ ಎಂದೇ ಘೋಷಿಸಿತು. ಅದೇ ವರ್ಷ ಅಮೆರಿಕದ ಶಿಕಾಗೋ ನಗರ ಮಾರಾಟ ನಿಷೇಧಿಸಿ, 2008ರಲ್ಲಿ ನಿಷೇಧವನ್ನೇ ವಾಪಸ್ ತೆಗೆದುಕೊಂಡಿತು!

ನಮ್ಮ ಭಾರತ? 2014ರ ಜುಲೈನಲ್ಲಿ ಆಮದನ್ನೇ ನಿಷೇಧಿಸಿತು. ಓದಿ ಹೆಮ್ಮೆಪಟ್ಟೆ. ಆಮೇಲೆ ಯೋಚಿಸಿದೆ: ಕೆಲವು ಸ್ಟಾರ್ ಹೋಟೆಲ್ಲುಗಳು ಬಿಟ್ಟರೆ ಇಲ್ಲಿ ಅದನ್ನು ತಿನ್ನುತ್ತಿದ್ದವರು ಯಾರು? ನಾವು ತಿನ್ನದ್ದನ್ನು ನಿಷೇಧಿಸಲು ಧೈರ್ಯ ಬೇಕಿಲ್ಲ. ಇಸ್ರೇಲ್ ಮುಚ್ಚಿಸಿದ್ದು ತನ್ನದೇ ರೈತರ ಕೊಟ್ಟಿಗೆಗಳನ್ನು.

ಇದನ್ನು ಬರೆಯುವ ಮುಂಚೆ ಎರಡು ಮೊಟ್ಟೆಯ ಆಮ್ಲೆಟ್ ತಿಂದೆ. ರೆಕ್ಕೆ ಬಿಚ್ಚಲೂ ಜಾಗವಿಲ್ಲದ ತಂತಿಯ ಪಂಜರದಲ್ಲಿ ಇಟ್ಟ ಮೊಟ್ಟೆಗಳೇ ಇರಬೇಕು. ಅಂಗಡಿಯವನನ್ನು ನಾನು ಇದುವರೆಗೆ ಕೇಳಿಲ್ಲ. ಫ್ರೆಂಚರನ್ನು ಬೈಯುವುದು ಎಷ್ಟು ಸುಲಭ ನೋಡಿ... ನೀವೇನಂತೀರಿ?